ಕಲಶಕ್ಕೆ ಅಡ್ಡ ಬಂದವರು

ಗುಡಿಯ ಗೋಪುರಕ್ಕೂ ಹಳ್ಳದ ಸೇತುವೆಗೂ ನಡುವೆ, ಕಲಶ ಮರೆಯಾಗುವಷ್ಟು ಎತ್ತರಕ್ಕೆ ಯಾರೂ ಏನನ್ನೂ ಎಬ್ಬಿಸಕೂಡದು.

ಇದು ನಮ್ಮೂರ ಪುರಸಭೆಯ ನಿಯಮ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ಸಾಧ್ಯವಿಲ್ಲ; ನನಗೆ ಗೊತ್ತು, ಏಕೆಂದರೆ ಬರೆದವನು ನಾನು. ಮೂವತ್ತರ ದಶಕದ ಕೊನೆಯಿಂದ ಬ್ರಿಟಿಷರು ಹೊರಡುವವರೆಗೂ ನಾನು ಅಲ್ಲಿ ಓವರ್‌ಸಿಯರ್ ಆಗಿದ್ದೆ. ಮೈಸೂರಿನ ಇಂಗ್ಲಿಷ್ ಶಾಲೆಯಲ್ಲಿ ನನಗೆ ಕಲಿಸಿದ ಮೇಷ್ಟರ ಪ್ರಕಾರ ಇಂಚು ಎಂದರೆ ಇಂಚು, ಹೆಚ್ಚೂಕಮ್ಮಿ ಇಂಚು ಎಂಬುದೊಂದಿಲ್ಲ. ನಿಯಮವನ್ನು ಸಭೆಯಲ್ಲಿ ಓದಿದಾಗ ಎಲ್ಲರೂ ಒಗ್ಗಟ್ಟಾಗಿ ಕೈಯೆತ್ತಿದರು. ಆಮೇಲೆ ಅಷ್ಟೇ ಒಗ್ಗಟ್ಟಾಗಿ ಮುರಿದರು. ಇಂಥವು ಒಂದು ಸಲ ನಡೆದು ಮುಗಿಯುವುದಿಲ್ಲ. ಮಳೆಗಾಲದ ಅಣಬೆಯ ಹಾಗೆ ಒಂದನ್ನು ಕಿತ್ತ ಕಡೆ ನಾಲ್ಕು ಏಳುತ್ತವೆ.

ಊರಿನ ಹೆಸರು ಬೇಡ. ಮದ್ದೂರಿನಿಂದ ಮಳವಳ್ಳಿ ಕಡೆಗೆ ಬಸ್ಸಿನಲ್ಲಿ ಹೋದವರಿಗೆ ಗೊತ್ತಾಗುತ್ತದೆ. ಸೇತುವೆ ಹತ್ತಿದ ಕೂಡಲೇ ಡ್ರೈವರು ವೇಗ ತಗ್ಗಿಸಿ ಒಂದು ಕೈಯನ್ನು ಎದೆಗೆ ಮುಟ್ಟಿಸುತ್ತಿದ್ದ. ಒಳಗಿನವರೆಲ್ಲ ಕಲಶ ನೋಡಲು ಎಡಕ್ಕೆ ಬಾಗುತ್ತಿದ್ದರು, ಅವರ ಜೊತೆಗೆ ಬಸ್ಸೂ ಬಾಗುತ್ತಿತ್ತು.

ಆದರೆ ನಿಯಮ ಬರೆದದ್ದು ಬಸ್ಸಿನವರಿಗಾಗಿ ಅಲ್ಲ. ಸೇತುವೆಯ ಪಕ್ಕದ ಮೊದಲ ಮನೆಯಲ್ಲಿ ಒಬ್ಬ ಗೌಡರ ಅಜ್ಜಿಯಿದ್ದಳು. ಮಂಡಿ ಹೋಗಿತ್ತು, ಗುಡಿಯವರೆಗೆ ನಡೆಯಲಾರಳು. ಬೆಳಿಗ್ಗೆ ಜಗಲಿಯ ಮೇಲೆ ಕೂತು ಒಂದು ಕಲಶವನ್ನಾದರೂ ಕಣ್ಣಾರೆ ಕಂಡ ಹೊರತು ಬಾಯಿಗೆ ನೀರು ಬಿಡುತ್ತಿರಲಿಲ್ಲ. ಅವಳ ಮನೆಯ ಹಿಂದೆ, ದಿಣ್ಣೆಯ ಮೇಲೆ ಒಂದು ಕೇರಿ. ಆ ಕಾಲದಲ್ಲಿ ಕೇರಿಯವರಿಗೆ ಗುಡಿಯ ಬಾಗಿಲು ಮುಚ್ಚಿತ್ತು. ಅಜ್ಜಿಯ ತಗ್ಗು ಹೆಂಚಿನ ಸೂರಿನ ಮೇಲಿಂದ ಅವರಿಗೆ ಕಲಶ ಕಾಣುತ್ತಿತ್ತು. ಅವರ ಪಾಲಿನ ದೇವರು ಅಷ್ಟೇ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಆದ್ದರಿಂದಲೇ ನಿಯಮ ಮುರಿದವರೆಲ್ಲ ಮೊದಲು ಗೋಪುರಕ್ಕೆ ಕೈ ಮುಗಿದು ಆಮೇಲೆ ಮುರಿದರು.

೧. ಜವಳಿ ಅಂಗಡಿಯ ಅಟ್ಟ

ಮೊದಲು ಎದ್ದದ್ದು ಜವಳಿ ಸಾಹುಕಾರರ ಮಹಡಿ. ಅಜ್ಜಿಗೆ ಕಾಣುತ್ತಿದ್ದ ಮೂರು ಕಲಶಗಳಲ್ಲಿ ಎಡಗಡೆಯದು ಅದರ ಹಿಂದೆ ಹೋಯಿತು. ನಾನು ಅಳತೆ ಟೇಪು ಹಿಡಿದು ಹೋದೆ.

"ಮಹಡಿ ಎಲ್ಲಿದೆ ಸ್ವಾಮಿ? ಅದು ಅಟ್ಟ" ಎಂದರು ಸಾಹುಕಾರರು. "ಕುಂಬಳಕಾಯಿ ಇಡೋಕೆ ಅಂತ."

ಏಣಿ ಹತ್ತಿ ನೋಡಿದೆ. ಕುಂಬಳಕಾಯಿ ಇತ್ತು, ಇಲ್ಲವೆನ್ನಲಾರೆ. ಒಂದು ಮೂಲೆಯಲ್ಲಿ ಒಂದು.

"ಅಟ್ಟಕ್ಕೆ ಇಷ್ಟು ದೊಡ್ಡ ಕಿಟಕಿ ಯಾತಕ್ಕೆ?"

"ಗಾಳಿ ಆಡದಿದ್ರೆ ಕಾಯಿ ಕೊಳೆಯೋಲ್ವೆ?"

"ಕಿಟಕಿಗೆ ಪರದೆ?"

"ಬಿಸಿಲು ತಾಗಬಾರದು."

"ಈ ಮಂಚ?"

"ಕಾಯಿ ಕಾಯೋಕೆ ಒಬ್ಬರು ಬೇಡವೇ?"

ಮಂಚದ ಮೇಲೆ ಸಾಹುಕಾರರ ಹೊಸ ಅಳಿಯ ಗೊರಕೆ ಹೊಡೆಯುತ್ತಿದ್ದ. ಅವನತ್ತ ಬೆರಳು ತೋರಿಸಿದೆ. ಸಾಹುಕಾರರು ದನಿ ತಗ್ಗಿಸಿ ಹೇಳಿದರು: "ಮೆಲ್ಲಗೆ ಮಾತಾಡಿ ಸ್ವಾಮಿ. ಮದುವೆಯಾದಾಗಿಂದ ಅವನಿಗೆ ಒಪ್ಪಿಸಿರೋ ಕೆಲಸ ಇದೊಂದೇ."

೨. ಎತ್ತಿಗೆ ನೋಟೀಸು

ಸುಗ್ಗಿ ಮುಗಿದ ಮೇಲೆ ಒಬ್ಬ ರೈತ ತನ್ನ ಹಿತ್ತಲಲ್ಲಿ ಹುಲ್ಲಿನ ಮೆದೆ ಒಟ್ಟಿದ. ಮೆದೆ ಎಂದರೆ ಸಾಮಾನ್ಯ ಮೆದೆಯಲ್ಲ, ಗುಡ್ಡ. ಮಾರನೆಯ ದಿನ ಅಜ್ಜಿ ಜಗಲಿಯಿಂದ ಜಾರಿ ಜಾರಿ ಬೀದಿಯ ನಡುವಿನವರೆಗೆ ಬಂದು ಕೂತು, ಅಲ್ಲಿಂದ ಕಲಶ ನೋಡಬೇಕಾಯಿತು. ಎರಡು ಗಾಡಿ, ಒಂದು ಬಸ್ಸು ಅವಳ ಹಿಂದೆ ಕಾದು ನಿಂತವು.

ನಾನು ನೋಟೀಸು ಹಿಡಿದು ಹೋದೆ. ರೈತ ಅದನ್ನು ಕೈಯಲ್ಲಿ ಮುಟ್ಟಲೂ ಇಲ್ಲ.

"ಇದು ಕಟ್ಟಡವಾ ಬುದ್ಧಿ? ಹುಲ್ಲು."

"ನಿಯಮದಲ್ಲಿ 'ಕಟ್ಟಡ' ಎಂದಿಲ್ಲ. 'ಏನನ್ನೂ' ಎಂದಿದೆ. ಇಳಿಸು."

"ಇಳಿಸಿ ಎಲ್ಲಿಗ್ ಓಗ್ಲಿ? ಉಣಿಸೇ ಇಳಿಸ್ಬೇಕು. ದಿನಾ ಒಂದಷ್ಟು ಇಳೀತದೆ ಬುಡಿ."

"ಎಷ್ಟು ದಿನ ಬೇಕು? ಖಚಿತವಾಗಿ ಹೇಳು."

ಅವನು ಕೊಟ್ಟಿಗೆಯತ್ತ ತಿರುಗಿ ನೋಡಿದ. ಎರಡು ಎತ್ತುಗಳು ಆರಾಮವಾಗಿ ಮಲಗಿ ಮೆಲುಕು ಹಾಕುತ್ತಿದ್ದವು.

"ಅದ ನನ್ ಕೇಳಿದ್ರೆ ಎಂಗೆ ಬುದ್ಧಿ? ಖಾಲಿ ಮಾಡ್ಬೇಕಾದೋರು ಅಲ್ಲವ್ರೆ. ನೋಟೀಸ ಅವ್ರಿಗೇ ಕೊಡಿ. ಆದ್ರೆ ಬಾಯ್ ತಾವ್ ಹಿಡ್ದೀರಿ ಜೋಕೆ, ಅದ್ನೂ ತಿಂದ್ಬುಡ್ತವೆ."

೩. ಹೋಟೆಲಿನ ಕಿಂಡಿ

ಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದಕ್ಕಿಂತ ನಿಲ್ಲುತ್ತಿದ್ದವು. ನಮ್ಮೂರಿನಲ್ಲಿ ಕೆಟ್ಟು ನಿಂತ ಬಸ್ಸಿನವರು ರಾತ್ರಿ ಉಳಿಯಲಿ ಎಂದು ಕಾಫಿ ಹೋಟೆಲಿನ ಭಟ್ಟರು ಮೇಲೆ ಒಂದು ಕೋಣೆ ಎಬ್ಬಿಸಿದರು. ನಾನು ಬರೆದ ಮೂರು ನೋಟೀಸುಗಳಿಗೂ ಭಟ್ಟರು ನಗುಮುಖದಿಂದ ಸಹಿ ಹಾಕಿ, ಪ್ರತಿ ಸಲವೂ ನನಗೆ ಕಾಫಿ ಕೊಡಲು ಬಂದರು. ನಾನು ಕುಡಿಯಲಿಲ್ಲ.

ಈ ಸಲ, ದಿಣ್ಣೆಯ ಮೇಲಿನವರಿಗೆ ಕಂಡರೂ, ಜಗಲಿಯ ಅಜ್ಜಿಗೆ ಯಾವ ಕಲಶವೂ ಕಾಣಲಿಲ್ಲ. ಅವಳು ಕೂಗಾಡಲಿಲ್ಲ. ಕೋಲೂರಿಕೊಂಡು ಬಂದು ಹೋಟೆಲಿನ ಮೆಟ್ಟಿಲ ಮೇಲೆ ಕೂತಳು.

"ಏನಜ್ಜಿ, ಇಡ್ಲಿ ಕೊಡಲೇ?" ಎಂದರು ಭಟ್ಟರು.

"ಬ್ಯಾಡ ಕಣ್ ಸ್ವಾಮಿ. ಇನ್ನೂ ದ್ಯಾವ್ರ ಕಂಡಿಲ್ಲ. ಕಂಡ್ ಮ್ಯಾಲೆ ಉಣ್ತೀನಿ. ನೀವ್ ಯಾಪಾರ ನೋಡ್ಕಳಿ."

ವ್ಯಾಪಾರ ಎಲ್ಲಿಂದ ಬರಬೇಕು? ನಮ್ಮ ಸೀಮೆಯಲ್ಲಿ ಹಸಿದ ಮುದುಕಿಯನ್ನು ದಾಟಿಕೊಂಡು ಹೋಗಿ ಯಾರೂ ಉಣ್ಣುವುದಿಲ್ಲ. ಒಬ್ಬ ಬಂದ, ನೋಡಿದ, ಹಿಂದಕ್ಕೆ ತಿರುಗಿದ. "ಯಾಕ್ಲಾ, ತಿನ್ನಾಕಿಲ್ವಾ?" ಎಂದು ಕೇಳಿದ ಗೆಳೆಯನಿಗೆ, "ಅಜ್ಜಿ ಉಪಾಸ ಕುಂತವ್ಳೆ ಕಣ್ಲಾ. ಅವಳ ಮುಂದೆ ದ್ವಾಸೆ ಗಂಟಲಲ್ಲಿ ಇಳಿದಾದಾ?" ಎಂದ. ಮಧ್ಯಾಹ್ನದ ಹೊತ್ತಿಗೆ ಭಟ್ಟರ ಹಿಟ್ಟು ಪಾತ್ರೆ ಮೀರಿ ಉಕ್ಕಿತು, ಭಟ್ಟರ ಧೈರ್ಯ ಇಳಿಯಿತು. ಗಾರೆಯವನನ್ನು ಕರೆಸಿ ಕೋಣೆಯ ಎರಡು ಗೋಡೆಗಳಿಗೂ ನೇರಕ್ಕೆ ನೇರ ಕಿಂಡಿ ಹೊಡೆಸಿದರು. ಜಗಲಿಯಿಂದ ನೋಡಿದರೆ ಕಿಂಡಿಯ ನಡುವೆ ಸರಿಯಾಗಿ ಒಂದು ಕಲಶ. ಅಜ್ಜಿ ಉಂಡಳು, ಊರೂ ಉಂಡಿತು.

ಇದಾದ ಕೆಲವು ದಿನಕ್ಕೆ ಬೆಂಗಳೂರಿನ ಕಡೆಯ ಒಬ್ಬ ವಿಮೆ ಏಜೆಂಟು ಆ ಕೋಣೆಯಲ್ಲಿ ಉಳಿದ. ಬೆಳಿಗ್ಗೆ ಎದ್ದು ಒಂದು ಪಂಚೆ ಉಟ್ಟು ಬರಿಮೈಯಲ್ಲಿ ಕಿಂಡಿಗೆ ಬಂದು ಆಕಳಿಸಿದ. ಕೆಳಗೆ ಜಗಲಿಯ ಮೇಲೆ ಅಜ್ಜಿ ಮತ್ತು ಅವಳ ಜೊತೆ ಸೇರಿದ್ದ ಏಳೆಂಟು ಹೆಂಗಸರು ತನ್ನತ್ತ ತಲೆಯೆತ್ತಿ ಕೈ ಮುಗಿದಿರುವುದು ಕಂಡಿತು. ಅವನು ಬೆರಗಾದ. ಹಿಂದೆಂದೂ ಯಾರೂ ಅವನನ್ನು ಹೀಗೆ ಬರಮಾಡಿಕೊಂಡಿರಲಿಲ್ಲ. ಜನಿವಾರ ಸರಿಮಾಡಿಕೊಂಡು ಬಲಗೈ ಎತ್ತಿ ಆಶೀರ್ವಾದ ಮಾಡಿದ.

ಅಜ್ಜಿ ಕೆಳಗಿನಿಂದ ಕೂಗಿದಳು: "ನಿಂದು ಆಮ್ಯಾಕೆ ತಕ್ಕತೀವಿ ಕಣಪ್ಪ. ಈಗ ವಸಿ ಆಚೆಗ್ ಸರಿ, ಹೊಟ್ಟೆ ಹಸೀತದೆ!"

೪. ಸ್ವಾಗತ ಕಮಾನು

ಕಲಶಕ್ಕೆ ಅಡ್ಡ ಬರಲಾರದವರು ಒಬ್ಬರೇ ಎಂದುಕೊಂಡಿದ್ದೆ: ಗುಡಿಯ ಧರ್ಮದರ್ಶಿಗಳು. ಅವರು ಗುಡಿಯ ಮುಂದೆಯೇ ಒಂದು ಕಮಾನು ನಿಲ್ಲಿಸಿದರು. ಬಿದಿರು, ತಗಡು, ಅದರ ಸುತ್ತ ಕರೆಂಟು ದೀಪ. ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ "ಗೋಪುರ ದರ್ಶನಕ್ಕೆ ಸ್ವಾಗತ". ಗೋಪುರ ಆ ಸ್ವಾಗತದ ಹಿಂದೆ ಸಂಪೂರ್ಣ ಮುಚ್ಚಿಹೋಗಿತ್ತು.

ನಾನು ವಿವರಣೆ ಕೇಳಿದೆ. ಹಿರಿಯ ಧರ್ಮದರ್ಶಿಗಳು ನೊಂದುಕೊಂಡರು. "ಇದನ್ನು ಮಾಡಿಸಿದ್ದೇ ಗೋಪುರಕ್ಕೆ ಗೌರವ ಅಂತ. ಕಾಣೋದಿಲ್ಲ ಅನ್ನೋರಿಗೆ ಕಮಾನಿನ ಮೇಲೆ ಗೋಪುರದ ಚಿತ್ರಾನೂ ಬರೆಸಿದ್ದೀವಿ. ಮಳವಳ್ಳಿಯಿಂದ ಚಿತ್ರಗಾರನ್ನ ಕರೆಸಿದ್ದು."

"ಚಿತ್ರದಲ್ಲಿ ಐದು ಕಲಶ ಇವೆ. ಗೋಪುರದ ಮೇಲೆ ಇರುವುದು ಮೂರು."

"ಎರಡು ಹೆಚ್ಚಿಗೇ ಕೊಟ್ಟಿದ್ದೀವಲ್ಲ!" ಎಂದರು ಅವರು. "ಕಮ್ಮಿ ಮಾಡಿದ್ರೆ ನೀವು ಕೇಳಬೇಕು."

ಚಿತ್ರಕ್ಕೇ ಕೈ ಮುಗಿಯಲಿ ಎಂದು ಅಜ್ಜಿಗೆ ಹೇಳಿ ಕಳಿಸಿದರು. ಅಜ್ಜಿ ಹೇಳಿ ಕಳಿಸಿದಳು: "ಅಂಗಾರೆ ನೈವೇದ್ಯಾನೂ ಗ್ವಾಡೆ ಮ್ಯಾಲೆ ಬರೆಸ್ಬುಡಿ ಅನ್ನಿ. ಪೂಜಾರಪ್ಪ ಅದ ನೋಡ್ಕಂಡೇ ಹೊಟ್ಟೆ ತುಂಬುಸ್ಕಳ್ಳಿ." ಹೇಳಿ ಕಳಿಸಿ ಆ ಹೊತ್ತೆಲ್ಲ ಉಪವಾಸ ಕೂತಳು. ಕೇರಿಯವರೂ ದಿಣ್ಣೆಯ ಮೇಲಿನಿಂದ ಬಣ್ಣದ ದೀಪ ನೋಡಿ ಕೈ ಮುಗಿಯದೆ ಹಿಂದಿರುಗಿದರು.

ಆಷಾಢದ ಗಾಳಿ ನನ್ನ ನೋಟೀಸಿಗಿಂತ ಶಿಸ್ತಿನದು. ಅದೇ ಸಂಜೆ ಬೀಸಿ ಕಮಾನನ್ನು ಬೀದಿಯ ಉದ್ದಕ್ಕೂ ಮಲಗಿಸಿತು. ಬೆಳಿಗ್ಗೆ ಹೋದಾಗ ಹಿರಿಯ ಧರ್ಮದರ್ಶಿಗಳು ಬಿದ್ದ ತಗಡಿನ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ತಲೆ ಹಿಂದಕ್ಕೆ ಚೆಲ್ಲಿ ನೋಡುತ್ತಿದ್ದರು.

"ಅಲ್ಲಾ ಓವರ್‌ಸಿಯರೇ," ಎಂದರು ಮೆಲ್ಲಗೆ, "ನಮ್ಮ ಗೋಪುರ ಇಲ್ಲಿಂದ ಎಷ್ಟು ಚೆನ್ನಾಗಿ ಕಾಣ್ತದೆ! ಇಷ್ಟು ದಿನ ಇದನ್ನ ಯಾರೂ ಯಾಕೆ ಹೇಳಲೇ ಇಲ್ಲ?"

೫. ವೀಳ್ಯ

ಅಜ್ಜಿಯ ಮಗ ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ. ಯುದ್ಧದ ಕಾಲದಲ್ಲಿ ಚೆನ್ನಾಗಿ ನಡೆಯಿತು. ನಲವತ್ತೇಳರಲ್ಲಿ ಊರಿಗೆ ಬಂದು, ಹಳೆಯ ಹೆಂಚು ಇಳಿಸಿ ಮನೆಯ ಮೇಲೆ ಮಹಡಿ ಕಟ್ಟುತ್ತೇನೆಂದು ಅರ್ಜಿ ಕೊಟ್ಟ. ಸಭೆ ಸೇರಿತು. ನಾನು ಎದ್ದು ನಿಂತು, ಈ ಮಹಡಿ ಎದ್ದರೆ ಹಿಂದಿನ ಕೇರಿಗೆ ಗೋಪುರವೆಂಬುದೇ ಇರುವುದಿಲ್ಲ ಎಂದೆ.

ಅಧ್ಯಕ್ಷರು ಹೇಳಿದರು: "ಎಲ್ಲರೂ ಮುರಿದಾಯ್ತಲ್ಲ ಓವರ್‌ಸಿಯರೇ. ಇವನೊಬ್ಬನನ್ನೇ ತಡೆದರೆ ಅನ್ಯಾಯ ಆಗ್ತದೆ."

ನ್ಯಾಯದ ಬಗ್ಗೆ ಅವರಿಗಿದ್ದ ಕಾಳಜಿಗೆ ಎಲ್ಲರೂ ಕೈಯೆತ್ತಿದರು. ನನ್ನ ವಿರೋಧವನ್ನು ದಾಖಲಿಸಿಕೊಳ್ಳಿ ಎಂದು ಹೇಳಿ ಕೂತೆ.

ಮಗ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ವಿವರಿಸಿದನಂತೆ: "ಅವ್ವ, ಮ್ಯಾಲ್ಗಡೆ ನಿಂಗೇ ಒಂದು ಕ್ವಾಣೆ. ನಾಕಾಳು ಎತ್ಕೊಂಡ್ ಓಗಿ ಕೂರುಸ್ತಾರೆ. ಮಲ್ಗಿದ್ ಕಡೀಕೇ ಮೂರು ಕಲಸಾನೂ ಕಾಣ್ತವೆ. ಆ ಭಟ್ಟನ ಕಿಂಡಿ ಯಾಕ್ ಬೇಕು?" ಅವನು ತಾಯಿಯನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಕೆಲಸ ಹಿಡಿಯುವ ದಿನ ನಾನೂ ಹೋದೆ. ಕಣ್ಣೆದುರು ನಿಯಮ ಸಾಯುವಾಗ ಬರೆದವನು ಹಾಜರಿರಬೇಕು ಎಂದು. ಸೂರಿಗೆ ಏಣಿ ಒರಗಿಸಿತ್ತು. ಗಾರೆ ಮೇಸ್ತ್ರಿ ಆಳುಗಳ ಸಮೇತ ಅಂಗಳದಲ್ಲಿ ನಿಂತಿದ್ದ. ನಮ್ಮ ಕಡೆ ಒಂದು ಪದ್ಧತಿಯಿದೆ. ಮನೆಯ ಹಿರಿಯ ಹೆಂಗಸು ತನ್ನ ಕೈಯಾರೆ ಮೇಸ್ತ್ರಿಗೆ ವೀಳ್ಯ ಕೊಡಬೇಕು. ಯಜಮಾನ ಕೊಟ್ಟರೆ ಆಗದು, ಸೊಸೆ ಕೊಟ್ಟರೆ ಆಗದು. ಆ ವೀಳ್ಯ ಹಿಡಿಯದೆ ಯಾವ ಮೇಸ್ತ್ರಿಯೂ ಒಂದು ಹೆಂಚನ್ನೂ ಮುಟ್ಟುವುದಿಲ್ಲ.

ಸೊಸೆ ಎಲೆ, ಅಡಿಕೆ, ಸುಣ್ಣದ ತಟ್ಟೆಯನ್ನು ಅಜ್ಜಿಯ ತೊಡೆಯ ಮೇಲಿಟ್ಟಳು. ಬೇಲಿಯಾಚೆ ದಿಣ್ಣೆಯ ಮೇಲೆ ಕೇರಿಯ ಜನ ನಿಂತಿದ್ದರು. ಅವರ ಮುಂದೆ ಅಜ್ಜಿಯ ವಯಸ್ಸಿನವಳೇ ಒಬ್ಬಳು ಮುದುಕಿ. ಹರೆಯದಿಂದ ಇಬ್ಬರೂ ಒಂದೇ ಗದ್ದೆಯಲ್ಲಿ ನಾಟಿ ಹಾಕಿದವರು.

ಅಜ್ಜಿ ಅವಳತ್ತ ಕೂಗಿದಳು: "ಏನಮ್ಮಿ, ಅಲ್ಲಿಂದ ಕಾಣ್ತದಾ?"

"ಇವತ್ತ್ ಕಾಣ್ತದೆ ಕಣಕ್ಕ. ನಾಳೀಕೆ ನಿನ್ ಮಗನ್ ಮಹಡಿಗೇ ಕೈ ಮುಗೀಬೇಕು."

"ಇವನ್ಗಾ?" ಅಜ್ಜಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಬ್ಯಾಡ ಕಣಮ್ಮಿ. ಇವನ ಮೂಗ ಒರೆಸ್ದೋಳು ನಾನು."

ಆಳುಗಳು ಮುಖ ತಿರುಗಿಸಿಕೊಂಡು ನಕ್ಕರು. ಮಗ ಕಿವಿಯವರೆಗೆ ಕೆಂಪಾಗಿ, "ಕೊಡವ್ವ, ರಾಹುಕಾಲ ಬತ್ತದೆ" ಎಂದ. ಮೇಸ್ತ್ರಿ ಮುಂದೆ ಬಂದು ಎರಡೂ ಕೈ ಬೊಗಸೆ ಮಾಡಿ ಒಡ್ಡಿದ.

ಅಜ್ಜಿ ಅವಸರ ಮಾಡಲಿಲ್ಲ. ಎಲೆಯ ತೊಟ್ಟು ಮುರಿದಳು. ಬೆನ್ನಿಗೆ ಸುಣ್ಣ ಹಚ್ಚಿದಳು. ಅಡಿಕೆ ಇಟ್ಟು ಮಡಚಿದಳು. ಆಮೇಲೆ ಸೊಂಟದ ಚೀಲದಿಂದ ಕುಟ್ಟಾಣಿ ತೆಗೆದು, ವೀಳ್ಯವನ್ನು ಅದರೊಳಗೆ ಹಾಕಿ ಟಕಟಕನೆ ಕುಟ್ಟತೊಡಗಿದಳು.

ಮೇಸ್ತ್ರಿಗೆ ಸಂಕೋಚವಾಯಿತು. "ಅವ್ವ, ಯಾಕ್ ಅಷ್ಟೊಂದ್ ಕಷ್ಟ ಪಡ್ತೀಯೆ? ಅಂಗೇ ಕೊಡು. ನನ್ ಹಲ್ಲು ಗಟ್ಟಿಯಾಗವೆ."

ಅಜ್ಜಿ ಕುಟ್ಟಿ ಮುಗಿಸಿದಳು. ಕುಟ್ಟಾಣಿಯನ್ನು ಅಂಗೈ ಮೇಲೆ ಬೋರಲು ಹಾಕಿ ಬಡಿದು, ಒಂದು ಚೂರೂ ಉಳಿಯದ ಹಾಗೆ ಬೆರಳಿನಿಂದ ಬಳಿದು, ಮೇಸ್ತ್ರಿಯ ಬೊಗಸೆಯ ಮೇಲಿಂದಲೇ ಕೈ ಹಾಯಿಸಿ, ಅಷ್ಟನ್ನೂ ತನ್ನ ಬಾಯಿಗೆ ಹಾಕಿಕೊಂಡಳು.