ಕಾರಿನ ಬ್ರೇಕೂ ನನ್ನ ಬೆಳಗಿನ ನಡಿಗೆಯೂ

ಸಂಕೋಚದವರಿಗೆ ಕಿವಿ ಚುರುಕು ಎಂಬುದು ನನ್ನ ಅನುಭವ. ಬಾಯಿಗೆ ಕೆಲಸ ಕೊಡದೆ ಕುಳಿತವರು ಇನ್ನೇನು ಮಾಡಬೇಕು, ಕೇಳಿಸಿಕೊಳ್ಳುತ್ತಾ ಇರುತ್ತಾರೆ. ನಾನಂತೂ ಬಸ್ಸಿನಲ್ಲಿ ನನ್ನ ಸ್ಟಾಪು ಬಂದರೂ ‘ಇಳಿಯೋರಿದ್ದಾರೆ’ ಎಂದು ಕೂಗಲಾರದೆ, ಬೇರೆ ಯಾರಾದರೂ ಕೂಗುವವರೆಗೆ ಮುಂದೆ ಹೋಗಿ, ಅಲ್ಲಿಂದ ನಡೆದು ವಾಪಸು ಬಂದವಳು. ಜೆ.ಪಿ. ನಗರದಲ್ಲಿ ಇಳಿಯಬೇಕಾದವಳು ಒಮ್ಮೆ ಸುಬ್ರಹ್ಮಣ್ಯಪುರವನ್ನೂ ನೋಡಿಕೊಂಡು ಬಂದಿದ್ದೇನೆ. ಇಂಥ ನಿಮ್ಮ ಅಜ್ಜಿ ನಡುಬೀದಿಯಲ್ಲಿ ಮಗನ ಜೊತೆ ಜಗಳಕ್ಕೆ ನಿಂತಳು ಎಂಬ ಸುದ್ದಿ ನಮ್ಮ ರಸ್ತೆಯಲ್ಲಿ ಇನ್ನೂ ಓಡಾಡುತ್ತಿದೆ. ಇಂಚರ, ಶಶಾಂಕ, ನೀವಿಬ್ಬರೂ ಅದನ್ನು ಬೇರೆಯವರ ಬಾಯಿಂದ ಕೇಳುವ ಮೊದಲು, ನಡೆದದ್ದು ಏನೆಂದು ನಾನೇ ಬರೆದಿಡುತ್ತೇನೆ.

ನಿಮ್ಮಪ್ಪ ಮಹೇಶ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು. ಅವನಿಗೆ ಅದೇನು ಆಸೆ ಹುಟ್ಟಿತೋ, ಒಂದು ದೊಡ್ಡ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದ. “ಅಮ್ಮ, ಇದು ಫೋರ್ ವೀಲ್ ಡ್ರೈವ್. ನಾಲ್ಕೂ ಚಕ್ರಕ್ಕೆ ಇಂಜಿನ್ ಎಳೆತ ಇರತ್ತೆ. ಕೆಸರಲ್ಲಿ ಸಿಕ್ಕೊಂಡ್ರೂ ಎದ್ದು ಬರತ್ತೆ” ಎಂದ. ಹಾಗಾದರೆ ಬೇರೆ ಕಾರುಗಳಲ್ಲಿ ಹೇಗೆ ಎಂದು ಕೇಳಿದೆ. “ಎರಡು ಚಕ್ರ ಎಳೀತವೆ, ಇನ್ನೆರಡು ಸುಮ್ನೆ ಜೊತೆಗೆ ಬರ್ತವೆ” ಎಂದ. ನನಗೆ ನಮ್ಮ ಊರಿನ ಮದುವೆ ದಿಬ್ಬಣಗಳು ನೆನಪಾದವು. ಕೆಸರಿಗೆಂದು ಬಂದ ಈ ಕಾರು, ನಾನು ಕಂಡಂತೆ, ಬನಶಂಕರಿ ಮಾರ್ಕೆಟ್ಟಿನಿಂದ ತೆಂಗಿನಕಾಯಿ ಹೊತ್ತು ತಂದದ್ದೇ ಹೆಚ್ಚು.

ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ನನ್ನ ಜಾಗ. ಸಿಗ್ನಲ್ ಹತ್ತಿರ ಕಾರು ನಿಧಾನವಾಗುವಾಗಲೆಲ್ಲ ಸಣ್ಣಗೆ ಕೀಚಲು ಸದ್ದು ಕೇಳತೊಡಗಿತು. ಮೊದಮೊದಲು ಅದು ನನ್ನ ಮಂಡಿಯದೇ ಎಂದುಕೊಂಡು ಸುಮ್ಮನಿದ್ದೆ. ಸೀಟಿನಲ್ಲಿ ಅಲ್ಲಾಡದೆ ಕೂತ ಮಂಡಿ ಸದ್ದು ಮಾಡುವುದು ಹೇಗೆ ಎಂದು ಹೊಳೆಯಲು ಸ್ವಲ್ಪ ದಿನ ಹಿಡಿಯಿತು. ಅಷ್ಟರಲ್ಲಿ ಸದ್ದು ಬದಲಾಗಿತ್ತು. ಈಗ ಅದು ಕಾಳು ಹಾಕದೆ ಬೀಸುಕಲ್ಲು ತಿರುಗಿಸಿದ ಹಾಗೆ ಕೇಳುತ್ತಿತ್ತು. ಬೀಸುಕಲ್ಲು ಹಾಗೆ ಸದ್ದು ಮಾಡಿದರೆ ಎರಡು ಕಲ್ಲಿನ ನಡುವೆ ಏನೂ ಉಳಿದಿಲ್ಲ ಎಂದೇ ಅರ್ಥ. ಮಹೇಶನಿಗೆ ಹೇಳಿದರೆ, “ಧೂಳಮ್ಮ, ಬೆಂಗಳೂರು ಧೂಳು” ಎಂದ. ಕಿಟಕಿ ಮುಚ್ಚಿ, ಏಸಿ ಹಾಕಿ, ಹಾಡು ಹಚ್ಚಿ ಕೂತವನಿಗೆ ಯಾವ ಸದ್ದು ಕೇಳಬೇಕು.

ಬೇರೆ ಕಾಲವಾಗಿದ್ದರೆ ನಾನೂ ಧೂಳೇ ಇರಬಹುದು ಎಂದು ಸುಮ್ಮನಾಗುತ್ತಿದ್ದೆ. ಆದರೆ ಶಶಾಂಕ, ಆ ಭಾನುವಾರ ನಿನ್ನ ಮುಡಿ ಕೊಡಲು ಎಲ್ಲರೂ ಅದೇ ಕಾರಿನಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುವುದಿತ್ತು. ಆ ಬೆಟ್ಟದ ತಿರುವುಗಳು ನಿಮಗೆ ಗೊತ್ತಲ್ಲ. ಹತ್ತುವಾಗ ಹೇಗೋ ಹತ್ತಬಹುದು. ಇಳಿಯುವಾಗ ನೀವಿಬ್ಬರೂ ಹಿಂದೆ ನನ್ನ ಪಕ್ಕ ಕೂತಿರುವುದು, ಕಾರು ತಿರುವಿನಲ್ಲಿ ನಿಲ್ಲದಿರುವುದು ಕಣ್ಣಿಗೆ ಕಟ್ಟಿ, ಶನಿವಾರ ಬೆಳಿಗ್ಗೆ ಉಪ್ಪಿಟ್ಟಿನ ಒಗ್ಗರಣೆ ಸೀಯಿಸಿದೆ. ಏಕೆಂದು ಸೊಸೆ ರಶ್ಮಿ ಕೇಳಿದಾಗ ಎಲ್ಲ ಹೇಳಿಬಿಟ್ಟೆ.

ಅವಳು ನೇರ ಮಾತಿನವಳು. ಸದ್ದು ಎಲ್ಲಿಂದ ಬರುತ್ತದೆಂದು ಗೊತ್ತಾಗದೆ ಕಾರು ಬೆಟ್ಟಕ್ಕೆ ಹೋಗಕೂಡದು ಎಂದಳು. ಮಹೇಶ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿ, “ಜಾಕ್ ಕೊಟ್ಟು ಒಂದು ಚಕ್ರ ಎತ್ತಿ, ಇಂಜಿನ್ ಆನ್ ಮಾಡಿ ತಿರುಗಿಸಿ ನೋಡ್ತೀನಿ” ಎಂದು ಎದ್ದ.

“ಮಿಕ್ಕ ಮೂರು ಚಕ್ರವೂ ಎಳೀತವೆ ಅಂತ ನೀವೇ ತಾನೆ ಹೇಳಿದ್ದು? ಕಾರು ಜಾಕಿಂದ ಜಾರಿ ಗೇಟು ಮುರ್ಕೊಂಡು ಹೋಗತ್ತೆ. ಕೆಳಗೆ ನೀವಿದ್ರೆ ನಿಮ್ಮ ಮೇಲೆ ಬೀಳತ್ತೆ” ಎಂದಳು ರಶ್ಮಿ.

ಅವನು ಜಾಕನ್ನು ಮತ್ತೆ ಡಿಕ್ಕಿಯಲ್ಲಿಟ್ಟ. ಇಷ್ಟು ಹೊತ್ತಿಗೆ ನಾನು ಒಳಗಿನಿಂದ ಹರಳೆಣ್ಣೆ ಬಾಟಲಿ ತಂದಿದ್ದೆ. ನಮ್ಮೂರಿನಲ್ಲಿ ಎತ್ತಿನ ಗಾಡಿ ಕಿರುಗುಟ್ಟಿದರೆ ಕೀಲಿಗೆ ಎಣ್ಣೆ ಬಿಡುವುದು ನಾನು ಕಂಡ ಪದ್ಧತಿ. ಮಹೇಶ ಬಾಟಲಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, “ಅಮ್ಮ, ಬ್ರೇಕಿಗೆ ಎಣ್ಣೆ ಬಿದ್ರೆ ಸದ್ದು ನಿಲ್ಲತ್ತೆ, ಕಾರು ನಿಲ್ಲಲ್ಲ” ಎಂದ.

ಕೊನೆಗೆ ರಶ್ಮಿಯೇ ಉಪಾಯ ಹೇಳಿದಳು. ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಕಾರು ನಡಿಗೆಯಷ್ಟೇ ನಿಧಾನಕ್ಕೆ ಹೋಗುವುದು, ಆಗಾಗ ಬ್ರೇಕ್ ಒತ್ತುವುದು, ಒಬ್ಬರು ಪಕ್ಕದಲ್ಲಿ ನಡೆಯುತ್ತಾ ಯಾವ ಚಕ್ರವೆಂದು ಕೇಳಿಸಿಕೊಳ್ಳುವುದು. ನಡೆಯುವವರು ಕಾರಿನಿಂದ ಒಂದು ಮಾರು ದೂರ ಇರಬೇಕು, ಮುಂದಕ್ಕೂ ಹಿಂದಕ್ಕೂ ಹೋಗಕೂಡದು. ಬ್ರೇಕು ಹಿಡಿಯುತ್ತದೆಯೇ ಎಂದು ಮೊದಲು ಗೇಟಿನೊಳಗೇ ನೋಡಿಕೊಳ್ಳಬೇಕು. ಅವಳು ನಿಮ್ಮಿಬ್ಬರನ್ನು ಬಾಲ್ಕನಿಯಲ್ಲಿ ಹಿಡಿದುಕೊಂಡು ನಿಂತಳು. ಸದ್ದಿನ ಪರಿಚಯ ಇದ್ದವಳು ನಾನೊಬ್ಬಳೇ ಆದ್ದರಿಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗಿಳಿದೆ.

ಬಲಗಡೆ ಒಂದು ಸುತ್ತು ನಡೆದೆ. ಏನೂ ಇಲ್ಲ. ಎಡಗಡೆಗೆ ಬಂದೆ. ನಾನು ತಲೆ ತಗ್ಗಿಸಿ, ಕಿವಿಗೆ ಅಂಗೈ ಹಿಡಿದು, ತುಟಿ ಬಿಗಿದು ನಡೆಯುತ್ತಿದ್ದೆ. ಮಹೇಶ ಎಡಗಡೆಯ ಕಿಟಕಿಯತ್ತ ಬಗ್ಗಿ, “ಅಮ್ಮ, ಏನಾದ್ರೂ ಹೇಳಮ್ಮ. ಯಾಕೆ ಮಾತಾಡ್ತಿಲ್ಲ?” ಎಂದು ಕೇಳುತ್ತಾ ಬರುತ್ತಿದ್ದ. ಸದ್ದು ಕೇಳುವಾಗ ಮಾತಾಡುವುದು ಹೇಗೆ? ಕೈಯಾಡಿಸಿ ಸುಮ್ಮನಿರು ಎಂದೆ. ಎದುರು ಮನೆಯಲ್ಲಿ ರಂಗೋಲಿ ಹಾಕುತ್ತಿದ್ದ ಗಿರಿಜಮ್ಮ ಎದ್ದು ನಿಂತದ್ದು ಗೊತ್ತಾಯಿತು. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ಮೂಲೆಮನೆಯ ಶಿವಣ್ಣನವರೂ ನಿಂತರು.

“ಪಾರ್ವತಮ್ಮನೋರೇ, ಸಾಕು ಬನ್ನಿ. ಮನೆ ಅಂದ್ಮೇಲೆ ಒಂದು ಮಾತು ಬರತ್ತೆ, ಹೋಗತ್ತೆ” ಎಂದು ಗಿರಿಜಮ್ಮ ನನ್ನ ತೋಳು ಹಿಡಿದರು.

“ಏನಪ್ಪಾ ಮಹೇಶ, ಹೆತ್ತ ತಾಯೀನ ರೋಡಲ್ಲಿ ನಡೆಸ್ಕೊಂಡು ನೀನು ಏಸೀಲಿ ಕೂತಿದ್ದೀಯಲ್ಲ” ಎಂದರು ಶಿವಣ್ಣನವರು.

“ಅಂಕಲ್, ಅದು ಬ್ರೇಕಲ್ಲಿ ಸೌಂಡು…”

“ಬ್ರೇಕು ಆಮೇಲೆ ನೋಡ್ಕೋ. ಮೊದ್ಲು ಅಮ್ಮನ್ನ ಹತ್ತಿಸ್ಕೋ.”

ಮಹೇಶನ ಮುಖ ಕೆಂಪಾಯಿತು. “ಅಮ್ಮ, ಹತ್ತಮ್ಮ, ಮನೆಗೆ ಹೋಗೋಣ. ಧೂಳೇ ಇರ್ಬೇಕು, ನಾಳೆ ಓಡ್ತಾ ಓಡ್ತಾ ಸರಿಹೋಗತ್ತೆ” ಎಂದು ಪಿಸುಗುಟ್ಟಿದ. ಗಿರಿಜಮ್ಮ ಬಾಗಿಲನ್ನೂ ತೆರೆದರು. ನಾಲ್ಕು ಜನ ನೋಡುತ್ತಿರುವಾಗ ಹೇಳಿದ ಕಡೆ ಕೂತುಬಿಡುವುದು ನನ್ನ ಹುಟ್ಟುಗುಣ. ಒಂದು ಕಾಲು ಎತ್ತಿಯೂ ಇದ್ದೆ. ಆದರೆ ಕಾರು ನಿಂತ ಗಳಿಗೆಯಲ್ಲೇ ಎಡಗಡೆಯ ಹಿಂದಿನ ಚಕ್ರದಿಂದ ಆ ಬೀಸುಕಲ್ಲಿನ ಸದ್ದು ಸ್ಪಷ್ಟವಾಗಿ ಕೇಳಿತ್ತು. ಈಗ ನಾನು ಹತ್ತಿದರೆ ನಾಳೆ ಬೆಳಿಗ್ಗೆ ನೀವೂ ಹತ್ತುತ್ತೀರಿ.

“ನಾನು ಹತ್ತಲ್ಲ. ಮೊಮ್ಮಕ್ಕಳನ್ನೂ ಹತ್ತಿಸಲ್ಲ. ಈ ಕಾರಲ್ಲಿ ನಾಳೆ ಯಾರೂ ಬೆಟ್ಟಕ್ಕೆ ಹೋಗೋದು ಬೇಡ” ಎಂದೆ.

ಅಷ್ಟು ದೊಡ್ಡ ದನಿ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಶಿವಣ್ಣನವರು ಎರಡು ಹೆಜ್ಜೆ ಹಿಂದೆ ಸರಿದರು. ಗಿರಿಜಮ್ಮ ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು.

ಮಹೇಶ ನನ್ನ ಮುಖ ನೋಡಿದ. ಕಾರನ್ನು ಗೇಟಿನೊಳಗೆ ನಿಲ್ಲಿಸಿ ಗ್ಯಾರೇಜಿಗೆ ಫೋನು ಮಾಡಿದ. ಅವರು ಓಡಿಸಬೇಡಿ ಎಂದು ಹೇಳಿ, ತಾವೇ ಲಾರಿ ತಂದು ಕಾರನ್ನು ಹೇರಿಕೊಂಡು ಹೋದರು. ಎಡಗಡೆ ಹಿಂದಿನ ಚಕ್ರದ ಬ್ರೇಕ್ ಪ್ಯಾಡು ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತಂತೆ. “ಬೆಟ್ಟ ಇಳಿಯುವಾಗ ಏನಾದ್ರೂ…” ಎಂದು ಶುರುಮಾಡಿದ ಮಹೇಶ, ಬೆಳಗಿನ ಆ ಸೀದ ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡ. ಹೊಸ ಪ್ಯಾಡು ಹಾಕಿಸಿ, ಮರುವಾರ ಹೋಗಿ ಮುಡಿ ಕೊಟ್ಟು, ಬೆಟ್ಟ ಇಳಿದು, ಸುಖವಾಗಿ ಮನೆ ಸೇರಿದೆವು.

ರಸ್ತೆಯವರು ಕಂಡದ್ದು ಮಾತ್ರ ಬೇರೆ. ತಾಯಿ ಒಂದು ಮಾತು ಆಡಿದ್ದಕ್ಕೆ ಮಗ ಕಾರನ್ನೇ ಮನೆಯಿಂದ ಕಳಿಸಿಬಿಟ್ಟ ಎಂದಾಯಿತು. ಒಂದು ಮಧ್ಯಾಹ್ನ ಗಿರಿಜಮ್ಮ ಹೆಪ್ಪಿಗೆ ಮಜ್ಜಿಗೆ ಬೇಕೆಂದು ಬಟ್ಟಲು ಹಿಡಿದು ಬಂದರು. ಮಜ್ಜಿಗೆ ಕೊಟ್ಟ ಮೇಲೂ ಹೊರಡಲಿಲ್ಲ.

“ನಮ್ಮ ರಾಘು ನನ್ನ ಮಾತೇ ಕಿವಿ ಮೇಲೆ ಹಾಕ್ಕೊಳಲ್ಲ. ನೀವು ಹೇಗೆ ಮಾಡಿದ್ರಿ?” ಎಂದರು.

ನಾನು ಪ್ಯಾಡು, ಚಕ್ರ, ಸದ್ದು ಎಲ್ಲ ವಿವರಿಸಿದೆ. ಅವರು ಮುಗುಳ್ನಕ್ಕು, “ಬಿಡಿ, ಮನೆ ವಿಷಯ ಹೊರಗೆ ಹೇಳಬಾರ್ದು, ನಂಗೂ ಗೊತ್ತು. ಬರೀ ಏನು ಮಾಡಿದ್ರಿ ಅಷ್ಟು ಹೇಳಿ” ಎಂದರು.

“ನಾನು ನಡೆದೆ. ಅವನು ನಿಧಾನಕ್ಕೆ ಪಕ್ಕದಲ್ಲಿ ಬಂದ. ಕೊನೆಗೆ ಹತ್ತಲ್ಲ ಅಂದೆ” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ತಲೆದೂಗಿ ಎದ್ದುಹೋದರು.

ಮಾರನೆಯ ದಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಗಿರಿಜಮ್ಮ ತುಟಿ ಬಿಗಿದು ನಡೆಯುತ್ತಿದ್ದರು. ಪಕ್ಕದಲ್ಲಿ ರಾಘುವಿನ ಸ್ಕೂಟರು ತೆವಳುತ್ತಿತ್ತು. “ಅಮ್ಮ, ಏನಾಯ್ತು ಅಂತಾದ್ರೂ ಹೇಳು, ಆಫೀಸಿಗೆ ಲೇಟಾಗತ್ತೆ” ಎಂದು ಅವನು ಗೋಗರೆಯುತ್ತಿದ್ದ. ಗಿರಿಜಮ್ಮ ತಲೆಯೆತ್ತಿ ನನ್ನನ್ನು ಕಂಡು, ಎಲ್ಲಿವರೆಗೆ ನಡೆಯಬೇಕು ಎಂದು ಕಣ್ಣಲ್ಲೇ ಕೇಳಿದರು. ಕೂಗಿ ನಿಜ ಹೇಳಬಹುದಿತ್ತು. ಆದರೆ ಬಾಲ್ಕನಿಯಿಂದ ಬೀದಿಗೆ ಕೇಳುವ ಹಾಗೆ ಕೂಗುವುದು ನನ್ನಿಂದಾಗುವ ಕೆಲಸವೇ? ರಸ್ತೆಯ ಕೊನೆಯವರೆಗೆ ಎಂದು ಕೈ ತೋರಿಸಿ, ಒಳಗೆ ಬಂದುಬಿಟ್ಟೆ.