ಪ್ರಸ್ಥಾನಕ್ಕಿಟ್ಟ ಸೂಟ್‌ಕೇಸ್

ಜುಲೈ ಹದಿನಾಲ್ಕು, ಸೋಮವಾರ. ಬೆಳಿಗ್ಗೆ ಮೋಡ, ಹನ್ನೊಂದರ ಹೊತ್ತಿಗೆ ಸಣ್ಣ ಮಳೆ, ಈಗ ಬಿಸಿಲು. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ.

ಊರಿಗೆ ಹೊರಟವರ ಮನೆಯಲ್ಲಿ ನಗುವಂಥದ್ದು ಏನಾದರೂ ಆಗದೆ ಇರುವುದಿಲ್ಲ. ನಮ್ಮಲ್ಲಿ ಹೊರಡುವುದಕ್ಕೇ ಒಂದೂವರೆ ವರ್ಷ ಹಿಡಿದದ್ದರಿಂದ ಅಂಥವು ಕೊಂಚ ಹೆಚ್ಚೇ ಆದವು. ನಾನು ಜಪಾನಿನ ಉತ್ತರಕ್ಕೆ, ಸಪ್ಪೊರೊಗೆ ಹೊರಟಿದ್ದೇನೆ. ಎರಡು ಸೂಟ್‌ಕೇಸ್ ಇವೆ. ಒಂದು ನನ್ನದು, ಇನ್ನೊಂದು ಹೆಂಡತಿಯದು. ಆಕೆ ತೀರಿಕೊಂಡು ಒಂದು ವರ್ಷವಾಯಿತು. ಅದನ್ನು ಅಲ್ಲಿಗೆ ಮುಟ್ಟಿಸುವುದೇ ಈಗ ಇರುವ ಕೆಲಸ.

ಅಲ್ಲೇನೈತಿ?

ಆಕೆ ವಿಜಯಪುರದವಳು, ಆದರೆ ಲಂಡನ್ನಿನ ಬೇಸಿಗೆ ತಡೆಯುತ್ತಿರಲಿಲ್ಲ. ಎರಡನೇ ಸುತ್ತಿನ ಕೀಮೋ ಮುಗಿದ ಮೇಲಂತೂ ಬಿಸಿಲು ಕಂಡರೆ ಪರದೆ ಎಳೆಯುತ್ತಿದ್ದಳು. ಜುಲೈನಲ್ಲಿ ತಂಪಾಗಿರುವ ಊರು ಬೇಕು ಎಂದು ಹುಡುಕಿ ಸಪ್ಪೊರೊ, ಹಾಕೊದಾತೆ, ಅವೊಮೊರಿ ಎಂದು ಮೂರು ಹೆಸರು ಹೇಳಿದಳು.

ಲಂಡನ್ನಿನ ಉತ್ತರಕ್ಕೆ, ಕೆಂಟನ್ನಿನಲ್ಲಿರುವ ನಮ್ಮ ಮನೆಗೆ ಒಂದು ಭಾನುವಾರ ದಕ್ಷಿಣದ ತುದಿಯ ಕ್ರೋಯ್ಡನ್ನಿನಿಂದ ಗೆಳೆಯರೊಬ್ಬರು ಊಟಕ್ಕೆ ಬಂದಿದ್ದರು. ಬೆಳಗಾವಿ ಕಡೆಯವರು. ಜಪಾನನ್ನು ಒಮ್ಮೆ ನೋಡಿ ಬಂದವರು.

"ಟೋಕಿಯೋ ಬಿಟ್ಟು ಅಲ್ಲಿಗ್ಯಾಕ ಹೊಂಟೀರಿ ವೈನಿ? ಅಲ್ಲೇನೈತಿ?"

"ಏನೂ ಇಲ್ಲ ಅಂತನ ಹೊಂಟೇವಿ. ಹುಲ್ಲಿನ ಮ್ಯಾಲೆ ಕೂಡೂದು, ಟ್ರಾಮಿನ್ಯಾಗ ತಿರಗೂದು."

ಅವರು ಸ್ವಲ್ಪ ಯೋಚಿಸಿ ಹೇಳಿದರು: "ಹಂಗಾರ ನಮ್ಮ ಕ್ರೋಯ್ಡನ್ನಿಗೇ ಬರ್ರಿ. ಟ್ರಾಮೂ ಐತಿ, ನೋಡಾಕ ಏನೂ ಇಲ್ಲ."

ರೌಂಡ್ಸ್

ಯೋಜನೆ ಮಾಡುವ ಕೆಲಸ ನನಗೆ ಬಂತು. ನಾನು ಓದಿ ತಿಳಿದುಕೊಳ್ಳುವ ಜಾತಿ. ಕೋಟೆ, ಬಂದರು, ಮ್ಯೂಸಿಯಂ, ಹಳೆಯ ಗೋದಾಮುಗಳು ಎಲ್ಲವನ್ನೂ ಸೇರಿಸಿ ವಾರವನ್ನು ತುಂಬಿದೆ. ಆಕೆ ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರ್, ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವವಳು. ನನ್ನ ಯೋಜನೆ ಕೇಳುತ್ತ ಕೇಳುತ್ತ ಸೋಫಾದ ಮೇಲೆ ಕಾಲು ಚಾಚಿದಳು.

"ರೀ, ಇದು ಟ್ರಿಪ್ಪೋ, ವಾರ್ಡಿನ ರೌಂಡ್ಸೋ?"

"ಮತ್ತೆ?"

"ಆರಾಮಶೀರ್ ಹೋಗಿಬರೂಣು. ದಿನಕ್ಕ ಒಂದು. ಅದೂ ಬ್ಯಾಸರಾದ್ರ ಇಲ್ಲ."

ಒಂದೊಂದಾಗಿ ತೆಗೆದು ಹಾಕಿದೆ. ಕೊನೆಗೆ ಹಾಕೊದಾತೆಯ ದಿನಕ್ಕೆ ಉಳಿದದ್ದು ಟ್ರಾಮ್ ಮತ್ತು ಮಧ್ಯಾಹ್ನದ ನಿದ್ದೆ. ಅದನ್ನೂ ಮತ್ತೊಮ್ಮೆ ಓದಿಸಿಕೊಂಡು, "ಟ್ರಾಮಿನ್ಯಾಗ ನಿದ್ದಿ ಬಂದ್ರ ಎರಡೂ ಒಂದ ಸಲಕ್ಕ ಮುಗೀತಾವ" ಎಂದಳು.

ನೀವೇ ತನ್ನಿ

ಹಾಕೊದಾತೆಯ ಒಂದು ಸಣ್ಣ ವಸತಿಗೃಹಕ್ಕೆ ಬರೆದೆವು: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಬಹಳ ವಿನಯದ ಉತ್ತರ ಬಂತು. ಸಂತೋಷ, ಬರೀ ತರಕಾರಿಯನ್ನೇ ಕೊಡುತ್ತೇವೆ, ಮೀನಿನ ಸಾರಿನಲ್ಲಿ ಬೇಯಿಸಿ. ಆಕೆ ಮತ್ತೆ ಬರೆದಳು. ಅವರು ಇನ್ನಷ್ಟು ವಿನಯದಿಂದ, ಹಾಗಾದರೆ ತಾವು ಮನೆಯಲ್ಲಿ ಏನು ಊಟ ಮಾಡುತ್ತೀರಿ ಎಂದು ಕೇಳಿದರು.

ಆಕೆ ಅಂದು ರಾತ್ರಿಯ ತಟ್ಟೆಯ ಫೋಟೋ ತೆಗೆದು ಕಳಿಸಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು.

ನಾಲ್ಕು ದಿನ ಸುದ್ದಿಯಿಲ್ಲ. ಐದನೆಯ ದಿನ ಉತ್ತರ ಬಂತು: "ಮನೆಯವರೆಲ್ಲ ಕೂತು ಚಿತ್ರವನ್ನು ನೋಡಿದೆವು. ಇದು ನಮ್ಮಿಂದ ಸಾಧ್ಯವಿಲ್ಲ. ದಯವಿಟ್ಟು ನೀವೇ ತನ್ನಿ. ನಮಗೂ ಸ್ವಲ್ಪ ತಂದರೆ ಸಂತೋಷ."

ಹೀಗೆ ಆಕೆಯ ಸೂಟ್‌ಕೇಸಿನಲ್ಲಿ ಅರ್ಧ ಜಾಗ, ಒಣಗಿಸಿ ತಿಂಗಳುಗಟ್ಟಲೆ ಇಡುವ ಕಟಕ ರೊಟ್ಟಿಗೆ ಹೋಯಿತು. ತೂಕದ ಬಗ್ಗೆ ಚಿಂತೆಯಿರಲಿಲ್ಲ. ಮದುವೆಯಾದಾಗಿನಿಂದ ಹೆಚ್ಚಿನ ಲಗೇಜಿಗೆಂದು ಒಂದು ಪೆನ್ನಿಯನ್ನೂ ಕೊಟ್ಟಿಲ್ಲ ಎಂಬುದು ಆಕೆಯ ಹೆಮ್ಮೆ. ಅದಕ್ಕಾಗಿ ಒಮ್ಮೆ ಮೇ ತಿಂಗಳಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ನಾನು ಎರಡು ಕೋಟು ತೊಟ್ಟು ನಿಂತಿದ್ದೆ. "ಚಂದ ಕಾಣ್ತೀರಿ, ಸುಮ್ಮ ನಿಲ್ರಿ" ಎಂದಿದ್ದಳು.

ಪ್ರಯಾಣ ಹೇಗಿತ್ತು?

ಹೊರಡುವ ದಿನ ಆಷಾಢದಲ್ಲಿ ಬಂತು. ಅತ್ತೆ ವಿಜಯಪುರದಿಂದ ಫೋನ್ ಮಾಡಿ, ಆಗುವುದಿಲ್ಲ ಎಂದರು. ಟಿಕೆಟ್ ಬದಲಾಯಿಸಲಾಗದು ಎಂದೆ. ಹಾಗಿದ್ದರೆ ಪ್ರಸ್ಥಾನ ಇಡಬೇಕು ಎಂದರು. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೂ ಮೊದಲೇ ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ.

ಜೂನ್ ಮೊದಲ ವಾರದ ಒಂದು ದಿನ ಗೊತ್ತಾಯಿತು. ರಾಹುಕಾಲ ನೋಡಬೇಕಲ್ಲ. ಇಲ್ಲಿಯ ಸೂರ್ಯೋದಯ, ಸೂರ್ಯಾಸ್ತ ಹಿಡಿದು ಎಣಿಸಿದರೆ ಅದು ಎರಡು ತಾಸಿಗೂ ಹೆಚ್ಚು ಬಂತು. ಬೇಸಿಗೆಯಲ್ಲಿ ಇಲ್ಲಿ ಹಗಲು ಉದ್ದ, ಹಾಗಾಗಿ ರಾಹುಕಾಲವೂ ಉದ್ದ ಎಂದು ವಿವರಿಸಿದೆ. ಅತ್ತೆ ಗಾಬರಿಯಾದರು. "ಅಂಥಾ ಊರಾಗ ಹೆಂಗ ಇರ್ತೀರ್ರಿ?"

ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕಿ ಒಂಟಿಯಾಗಿದ್ದಾರೆ. ಬಸ್ ಡ್ರೈವರನಿಂದ ಹಿಡಿದು ಎಲ್ಲರನ್ನೂ "ಲವ್" ಎಂದೇ ಕರೆಯುವವರು. ನಾವಿಬ್ಬರೂ ಸೂಟ್‌ಕೇಸ್ ಉರುಳಿಸಿಕೊಂಡು ಹೋಗಿ ಅವರ ಬಾಗಿಲಲ್ಲಿ ನಿಂತೆವು.

"ಎಲ್ಲಿಗೆ ಹೊರಟಿರಿ, ಲವ್?"

"ಜಪಾನಿಗೆ. ಈಗ ನಿಮ್ಮ ಮನೆಗೆ. ಉಳಿದ ದಾರಿ ಮುಂದಿನ ತಿಂಗಳು" ಎಂದಳು ಆಕೆ.

ಅವರು ಏನನ್ನೂ ಕೇಳಲಿಲ್ಲ. ಸೂಟ್‌ಕೇಸನ್ನು ಕೋಟುಗಳ ಕೆಳಗೆ ಇಡಿಸಿದರು, ಕೂರಿಸಿ ಚಹಾ ಕೊಟ್ಟರು. ಆಮೇಲೆ ಗಂಭೀರವಾಗಿ ವಿಚಾರಿಸಿದರು: "ಪ್ರಯಾಣ ಹೇಗಿತ್ತು?"

"ಆರಾಮಾಗಿತ್ತು. ಟ್ರಾಫಿಕ್ ಇರಲಿಲ್ಲ" ಎಂದಳು.

ಇಬ್ಬರೂ ಚಹಾ ಚೆಲ್ಲುವಷ್ಟು ನಕ್ಕರು. ಆಕೆ ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಒಳಗೆ ತರಬಾರದು

ಜೂನ್ ಕೊನೆಯಲ್ಲಿ ಆಕೆ ಹೋದಳು. ಅದರ ಬಗ್ಗೆ ಬರೆಯುವುದು ಹೆಚ್ಚಿಲ್ಲ.

ಸೂಟ್‌ಕೇಸ್ ಪಕ್ಕದ ಮನೆಯಲ್ಲೇ ಉಳಿಯಿತು. ಆ ಮುದುಕಿ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಿದ್ದರು. ಗ್ಯಾಸ್ ಮೀಟರ್ ನೋಡಲು ಬಂದವನು ಅದನ್ನು ಸರಿಸಲು ಹೋದಾಗ, "ಮುಟ್ಟಬೇಡ, ಅವಳು ಪ್ರಯಾಣದಲ್ಲಿದ್ದಾಳೆ" ಎಂದರಂತೆ. ಅವನು ಮೀಟರ್ ನೋಡದೆಯೇ ಹೋದ.

ವರ್ಷಾಂತಿಕ ಮುಗಿಯಿತು. ಸೂಟ್‌ಕೇಸ್ ವಾಪಸ್ ತರುತ್ತೇನೆ ಎಂದು ಅತ್ತೆಗೆ ಫೋನಿನಲ್ಲಿ ಹೇಳಿದೆ.

"ಇಟ್ಟ ಪ್ರಸ್ಥಾನ ತಿರುಗಿ ಮನ್ಯಾಗ ತರಬಾರದ್ರಿ."

"ಮತ್ತೇನು ಮಾಡಲಿ?"

"ಅಕಿ ಹೊಂಟಾಳಲ್ರಿ. ಅರ್ಧಾ ದಾರ್‍ಯಾಗ ನಿಂತಾಳ. ಮುಟ್ಟಿಸಿ ಬರ್ರಿ."

ನಾನು ಶಾಸ್ತ್ರ ನಂಬುವವನಲ್ಲ. ಅಂದೇ ಟಿಕೆಟ್ ತೆಗೆದೆ. ಅತ್ತೆ ಮತ್ತೆ ಫೋನ್ ಮಾಡಿದರು: ಈ ಸಲವೂ ಆಷಾಢವೇ, ನಿಮ್ಮದೊಂದು ಪ್ರಸ್ಥಾನ ಇಡಬೇಕಿತ್ತಲ್ಲ. ಆಮೇಲೆ ಅವರೇ ಸಮಾಧಾನ ಹೇಳಿದರು. "ಇರಲಿ, ಅಕಿದರಾಗನ ನಡೀತದ. ನಿಮ್ಮ ಸಾಮಾನೂ ಅಕಿನ ಕಟ್ಟಿರ್ತಾಳ."

ಕೌಂಟರ್

ಇಂದು ಮಧ್ಯಾಹ್ನ ಕೌಂಟರಿನ ಹುಡುಗಿ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನನಗೂ ಕೇಳಿದಳು.

"ಎರಡನ್ನೂ ನೀವೇ ಪ್ಯಾಕ್ ಮಾಡಿದ್ದೀರಾ?"

"ಒಂದನ್ನು. ಇನ್ನೊಂದು ಹೆಂಡತಿ ಮಾಡಿದ್ದು."

"ಅವರೂ ಬರುತ್ತಿದ್ದಾರಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೋದ ವರ್ಷವೇ ಹೊರಟಳು" ಎಂದೆ.

"ಇಲ್ಲಿಯವರೆಗೆ ಇದು ಎಲ್ಲಿತ್ತು?"

"ಪಕ್ಕದ ಮನೆಯಲ್ಲಿ."

ಮೇಲಧಿಕಾರಿ ಬಂದರು. ಅವರ ಜೊತೆ ಇನ್ನೊಬ್ಬರು. ಸೂಟ್‌ಕೇಸ್ ತೆರೆದರು. ಎರಡು ಹತ್ತಿಯ ಸೀರೆ, ಬಿಸಿಲಿಗೆ ಟೋಪಿ, ಚಟ್ನಿಪುಡಿಯ ಡಬ್ಬಿ, ನನ್ನ ಬೂದು ಸ್ವೆಟರ್. ಅದನ್ನು ನಾನು ಕಳೆದ ಚಳಿಗಾಲವೆಲ್ಲ ಹುಡುಕಿದ್ದೆ.

ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯನ್ನು ಮೇಲಧಿಕಾರಿ ಬೆರಳಿನಿಂದ ತಟ್ಟಿ ನೋಡಿದರು. ಟಣಕ್ಕೆಂದಿತು.

"ಏನಿದು?"

"ಬ್ರೆಡ್."

"ಎಷ್ಟು ದಿನದ್ದು?"

"ಒಂದು ವರ್ಷದ್ದು. ಹೋಟೆಲಿನವರು ತರಲು ಹೇಳಿದ್ದಾರೆ."

ಆಮೇಲೆ ಎಲ್ಲವನ್ನೂ ಹೇಳಬೇಕಾಯಿತು, ಆಷಾಢದಿಂದ ಹಿಡಿದು. ಹಿಂದಿನ ಸಾಲು ಬೇರೆ ಕೌಂಟರಿಗೆ ಹೋಯಿತು. ಮೇಲಧಿಕಾರಿ ಸೂಟ್‌ಕೇಸನ್ನು ಯಂತ್ರದಲ್ಲಿ ಹಾಕಿಸಿ ತರಿಸಿದರು, ಸ್ವೆಟರನ್ನು ತಾವೇ ಮಡಚಿ ಇಟ್ಟರು, ಮುಚ್ಚಿದರು. ತೊಂದರೆ ಒಂದೇ ಉಳಿದಿತ್ತು. ನನ್ನ ಟಿಕೆಟ್ಟಿಗೆ ಒಂದೇ ಸೂಟ್‌ಕೇಸ್. ಎರಡನೆಯದಕ್ಕೆ ಹಣ ಕಟ್ಟಬೇಕು.

"ಸ್ವಲ್ಪ ಬಟ್ಟೆ ಮೈಮೇಲೆ ಹಾಕಿಕೊಂಡರೆ ಒಂದರಲ್ಲೇ ಹಿಡಿಸಬಹುದು" ಎಂದು ಹುಡುಗಿ ಮೆಲ್ಲಗೆ ದಾರಿ ತೋರಿಸಿದಳು.

ಬೇಡ ಎಂದು ಕಾರ್ಡ್ ಕೊಟ್ಟೆ.

ಪಕ್ಕಕ್ಕೆ ಬಂದು ಕೆಂಟನ್ನಿಗೆ ಫೋನ್ ಮಾಡಿದೆ. ಮುದುಕಿ ಮೊದಲ ಗಂಟೆಗೇ ಎತ್ತಿದರು.

"ಅವಳನ್ನು ಬಿಟ್ಟರಾ, ಲವ್?"

"ಬಿಟ್ಟರು. ದುಡ್ಡು ಕಟ್ಟಬೇಕಾಯಿತು."

"ಅಯ್ಯೋ ದೇವರೇ. ಎಷ್ಟು? ತಾಳು, ಈಗ ಹೇಳಬೇಡ. ಸೂಟ್‌ಕೇಸ್ ಇನ್ನೂ ಅಲ್ಲೇ ಇದೆಯಾ?"

ತಿರುಗಿ ನೋಡಿದೆ. ಬೆಲ್ಟಿನ ಮೇಲೆ ಅದು ನಿಧಾನವಾಗಿ ಹೋಗುತ್ತಿತ್ತು. ರಬ್ಬರಿನ ಪರದೆ ಒಮ್ಮೆ ಮೇಲೆದ್ದು ಬಿತ್ತು.

"ಇಲ್ಲ. ಹೋದಳು."

"ಸರಿ, ಈಗ ಹೇಳು."

"ಎಪ್ಪತ್ತೈದು ಪೌಂಡ್" ಎಂದೆ, ಆದಷ್ಟು ಮೆಲ್ಲಗೆ.