ಗಾಜಿನ ಪೆಟ್ಟಿಗೆಯಲ್ಲಿ ಡೆಲ್ಮರ್

ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದ ಡೆಲ್ಮರ್ ಸ್ಟಿಲ್ಟ್ನರನ ಎದೆಯಲ್ಲಿ ಯಾವ ಕಾಯಿಲೆಯೂ ಇಲ್ಲವೆಂದು ಕಂಪನಿಯ ಡಾಕ್ಟರು ಬರೆದುಕೊಟ್ಟರು. ಗಣಿಯಿಂದ ಕಾಯಿಲೆ ಬಿದ್ದವರಿಗೆ ಕೊಡುವ ಪಿಂಚಣಿಯ ಅರ್ಜಿ ಮೂರು ಸಲವೂ ವಾಪಸು ಬಂತು.

ಪಶ್ಚಿಮ ವರ್ಜೀನಿಯಾದ ಆ ಕಣಿವೆಯಲ್ಲಿ ಗಣಿ ಮುಚ್ಚಿದ ಮೇಲೆ ಉಳಿದದ್ದು ಒಂದು ಚರ್ಚು, ಒಂದು ಪೆಟ್ರೋಲ್ ಬಂಕು. ಈಗ ಗಣಿ ಪರಂಪರೆಯ ಮ್ಯೂಸಿಯಂ. ಉದ್ಘಾಟನೆಯ ಬೆಳಿಗ್ಗೆ ಪಕ್ಕದ ಮನೆಯ ಓಡೆಲ್ ಗಣಿ ಕೆಲಸಗಾರನ ಮೇಣದ ಗೊಂಬೆಯನ್ನು ಪಿಕಪ್ ಗಾಡಿಯಲ್ಲಿ ಹಗ್ಗ ಬಿಗಿಯದೆ ತಂದ. ಸೇತುವೆಯ ತಿರುವಿನಲ್ಲಿ ಗೊಂಬೆ ಹೊಳೆಗೆ ಹಾರಿತು. ಗಣಿ ಕೆಲಸದಿಂದ ಅಷ್ಟು ಸಲೀಸಾಗಿ ಪಾರಾದವರು ಆ ಊರಲ್ಲಿ ಇನ್ನೊಬ್ಬರಿಲ್ಲ.

ಮ್ಯೂಸಿಯಂ ನಡೆಸುವ ವರ್ನಾ, ಡೆಲ್ಮರನ ಚಿಕ್ಕಪ್ಪನ ಮಗಳು, ಅವನ ಮನೆಗೆ ಓಡಿ ಬಂದಳು. ಗೊಂಬೆಯ ಬದಲು ಅವನೇ ಒಂದು ಗಂಟೆ ಪಿಕಾಸಿ ಹಿಡಿದು ಗಾಜಿನ ಪೆಟ್ಟಿಗೆಯಲ್ಲಿ ನಿಂತರೆ ಸಾಕಂತೆ. ಊರಿನ ಮಾನ ಅವನ ಕೈಯಲ್ಲಿದೆಯಂತೆ.

"ಕೆಮ್ಮಬಾರ್ದು, ಅಷ್ಟೇ ಅಣ್ಣ."

"ಕೆಮ್ಮೋಕೆ ನಂಗೇನಾಗಿದೆ? ಡಾಕ್ಟ್ರೇ ಬರ್ಕೊಟ್ಟಿದ್ದಾರಲ್ಲ."

ಓಡೆಲ್ ತನ್ನ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅವನ ಮುಖಕ್ಕೆ ಎರಡು ಪದರ ಮಸಿ ಬಳಿದ. ಡೆಲ್ಮರನ ಕಾಲದಲ್ಲಿ ಯಂತ್ರಗಳೇ ಅಗೆಯುತ್ತಿದ್ದವು. ಪಿಕಾಸಿ ಹಿಡಿದದ್ದು ಅಂದೇ ಮೊದಲು. ಭರಣಿಯ ತಳದಲ್ಲುಳಿದ ಉಪ್ಪಿನಕಾಯಿ ಹೋಳಿನಂತೆ ನಿಂತ. ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ, ಗೊಂಬೆ ತೀರಾ ಹಳೇದು ಎಂದರು. ಎದೆಯೊಳಗೆ ಕೆಮ್ಮು ಬೆಕ್ಕಿನಂತೆ ಪರಚುತ್ತಿತ್ತು.

ಮುಖ್ಯ ಅತಿಥಿ ಬಂದರು. ಅದೇ ಕಂಪನಿ ಡಾಕ್ಟರು. ನಿವೃತ್ತರಾದಾಗ ಕಪಾಟಿನಲ್ಲಿದ್ದ ಹಳೆಯ ಎಕ್ಸ್-ರೇಗಳನ್ನೆಲ್ಲ ಮ್ಯೂಸಿಯಂಗೆ ದಾನ ಕೊಟ್ಟಿದ್ದರು. ಎದುರು ಗೋಡೆಯ ಎಕ್ಸ್-ರೇಯ ಹಿಂದೆ ದೀಪ ಹೊತ್ತಿಸಿ, ಕೋಲಿನಿಂದ ತೋರಿಸಿದರು.

"ಈ ಬಿಳಿ ಮಚ್ಚೆ ನೋಡಿ ಮಕ್ಕಳೇ, ಎಲ್ಲ ಕಲ್ಲಿದ್ದಲ ಧೂಳಿಂದ ಆದದ್ದು. ಕರಿ ಶ್ವಾಸಕೋಶದ ಕಾಯಿಲೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಸಿಗಲ್ಲ."

ಮೂಲೆಯಲ್ಲಿ ಹೆಸರಿತ್ತು: ಡಿ. ಸ್ಟಿಲ್ಟ್ನರ್. ಗಣಿಯ ಸೂರು ಕುಸಿದು ಮುರಿದು, ಸೊಟ್ಟಗೆ ಕೂಡಿಕೊಂಡಿದ್ದ ಆ ಎರಡು ಪಕ್ಕೆಲುಬು ಅವನವೇ.

ಗೊಂಬೆ ಕೆಮ್ಮಿತು. ಬಗ್ಗಿ, ಗಾಜಿನ ಮೇಲೆ ಕರಿ ಕಫ ಉಗುಳಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಆ ಚಿತ್ರ ಕೊಡಿ, ಪಿಂಚಣಿ ಕಚೇರಿಯಲ್ಲಿ ತೋರಿಸುತ್ತೇನೆ ಎಂದು ಡೆಲ್ಮರ್ ಒಳಗಿನಿಂದಲೇ ಬೇಡಿದ. ಡಾಕ್ಟರು ಗಡಿಯಾರ ನೋಡಿಕೊಂಡು ಕಾರು ಹತ್ತಿದರು. ವರ್ನಾ ದಾನಪತ್ರ ತೆಗೆದು ಓದಿದಳು: ಪರಂಪರೆಯ ಪಟ್ಟಿಗೆ ಸೇರಿದ ಯಾವುದೂ ಕಟ್ಟಡ ಬಿಟ್ಟು ಹೋಗುವಂತಿಲ್ಲ, ನಕಲೂ ತೆಗೆಯುವಂತಿಲ್ಲ. ದಾನಿಯ ಷರತ್ತು.

"ನಾನೇನು ಮಾಡ್ಲಿ ಅಣ್ಣ. ಇಳ್ದು ಬಾ, ಬೀಗ ಹಾಕ್ಬೇಕು."

ಡೆಲ್ಮರ್ ಪಿಕಾಸಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

"ಚಿತ್ರ ಹೊರಗೆ ಹೋಗೋ ಹಾಗಿಲ್ಲ ಅಂದ್ಮೇಲೆ, ಅದರಲ್ಲಿರೋ ಎದೆ ಹೇಗೆ ಹೋಗುತ್ತೆ ವರ್ನಾ? ಬೀಗ ಹಾಕ್ಕೋ. ನಾನು ಇಳಿಯಲ್ಲ."